ಆಷಾಢ ಗೊತ್ತಿಲ್ಲದ ಲೆಕ್ಕಯಂತ್ರಕ್ಕೆ

ಯಾವ ಊರಲ್ಲೂ ಒಂದು ದಿನವೂ ಬಾಳದೆ ಎಲ್ಲ ಊರುಗಳ ಖರ್ಚನ್ನೂ ಅಕ್ಕಪಕ್ಕ ಇಟ್ಟು ತೂಗಿ ಹೇಳುವ ಜಾಲತಾಣದ ಶ್ರೀ ಲೆಕ್ಕಯಂತ್ರ ಅವರ ಸನ್ನಿಧಿಗೆ,

ಮಾನ್ಯರೇ,

ನಾಗಸಂದ್ರ ಮೆಟ್ರೋ ನಿಲ್ದಾಣದ ಹಿಂದಿನ ಅಡ್ಡರಸ್ತೆಯ ಬಾಡಿಗೆದಾರ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಗೇರ್‌ಚಕ್ರಗಳ ಹಲ್ಲು ಸರಿಯಿದೆಯೇ ಎಂದು ತಪಾಸಣೆ ಮಾಡುವ ವೆಂಕಟಸುಬ್ಬಯ್ಯನಾದ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಮನೆ ಮಾಲೀಕರಿಲ್ಲದವರು ಸಾಮಾನ್ಯವಾಗಿ ಕ್ಷೇಮವಾಗಿಯೇ ಇರುತ್ತಾರೆ.

ನಮ್ಮ ವಿಭಾಗವನ್ನು ಗಡಿಯಾಚೆಯ ಹೊಸೂರಿಗೆ ಸಾಗಿಸುವುದಾಗಿಯೂ, ಬರುವವರು ಅಲ್ಲೇ ಮನೆ ಮಾಡಬಹುದು, ಇಲ್ಲವೇ ಬೆಳಗಿನ ಜಾವದ ಕಾರ್ಖಾನೆ ಬಸ್ಸು ಹಿಡಿಯಬಹುದು ಎಂದೂ ಕಾರ್ಖಾನೆಯವರು ತಿಳಿಸಿದಾಗ, ನನ್ನ ಸಹೋದ್ಯೋಗಿಗಳೆಲ್ಲ ಹೆಂಡತಿ ಮಕ್ಕಳನ್ನು ಕೇಳಿದರು, ನಾನು ತಮ್ಮನ್ನು ಕೇಳಿದೆ. ತಾವಾದರೋ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸೂರು ಅಗ್ಗವೆಂದು ಹಸಿರು ಅಕ್ಷರಗಳಲ್ಲಿ ಸಾರಿದಿರಿ. ತಮ್ಮ ಪಟ್ಟಿಯಲ್ಲಿ ತೊಗರಿಬೇಳೆ, ಹುಣಸೆಹಣ್ಣು ಇರಲಿಲ್ಲ ನಿಜ, ಆದರೆ ಜಿಮ್ಮಿನ ಶುಲ್ಕವೂ ಕ್ಯಾಪುಚಿನೋ ಎಂಬ ಕಾಫಿಯ ದರವೂ ಇದ್ದವು. ನಾಗಸಂದ್ರದಲ್ಲಿ ಎಂದೂ ಕುಡಿಯದ ಆ ಕಾಫಿಯನ್ನು ಹೊಸೂರಿನಲ್ಲಿ ಇನ್ನೂ ಕಡಿಮೆ ದರದಲ್ಲಿ ಕುಡಿಯದೆ ಇರಬಹುದಲ್ಲ ಎಂದು ನಾನು ಮನಸಾರೆ ಹಿಗ್ಗಿದೆ.

ತೆರಿಗೆಯ ವಿಚಾರದಲ್ಲೂ ತಮ್ಮ ಪಾಂಡಿತ್ಯಕ್ಕೆ ತಲೆಬಾಗುತ್ತೇನೆ. ವೃತ್ತಿ ತೆರಿಗೆಯನ್ನು ಇಲ್ಲಿ ತಿಂಗಳು ತಿಂಗಳೂ ಕೀಳುತ್ತಾರೆ, ಅಲ್ಲಿ ಆರು ತಿಂಗಳಿಗೊಮ್ಮೆ ಕೀಳುತ್ತಾರೆ ಎಂದು ತಾವು ತಿಳಿಸಿದ್ದರಿಂದ, ನೋವು ಕಡಿಮೆ ಸಲ ಆಗುತ್ತದೆಂಬ ಸಮಾಧಾನ ಸಿಕ್ಕಿತು. ನನ್ನ ಸ್ಕೂಟರಿಗೆ ನಾನು ಕಟ್ಟಿದ ಜೀವಮಾನದ ತೆರಿಗೆಯ ಜೀವ ಮಾತ್ರ ಅತ್ತಿಬೆಲೆಯ ತನಕ, ಅಲ್ಲಿಂದಾಚೆ ನೆಲೆಸಬೇಕಾದರೆ ಅದಕ್ಕೆ ಪುನರ್ಜನ್ಮ ಕೊಡಿಸಬೇಕು ಎಂಬುದನ್ನು ತಾವು ಹೇಳಲಿಲ್ಲ. ಸ್ಕೂಟರ್ ಹೇಗೂ ಹಳೆಯದು, ನಾನೂ ಹಳಬ ಎಂದು ಸುಮ್ಮನಾದೆ.

ಇಷ್ಟಾದ ಮೇಲೆ ಒಂದು ಭಾನುವಾರ ಹೊಸೂರಿಗೆ ಹೋಗಿ, ನರಸಪ್ಪ ಎಂಬವರ ಮನೆಯ ಮಹಡಿಯನ್ನು ನೋಡಿ, ತಾವು ಹೇಳಿದ ಬಾಡಿಗೆಗೇ ಅವರು ಒಪ್ಪಿದ್ದನ್ನು ಕಂಡು ತಮಗೆ ಮನಸ್ಸಿನಲ್ಲೇ ಹಾರ ಹಾಕಿದೆ. ಬಂದವನೇ ನಾಗಸಂದ್ರದ ನಮ್ಮ ಮನೆ ಮಾಲೀಕ ದೊಡ್ಡಮುನಿಯಪ್ಪನವರಿಗೆ ಒಂದು ತಿಂಗಳ ನೋಟೀಸು ಕೊಟ್ಟೆ. ಇದನ್ನು ನನ್ನ ಹೆಂಡತಿ ಪಂಕಜಾಗೆ ತಿಳಿಸಿದ್ದು ಆಮೇಲೆ. ಅವಳು ನಮ್ಮ ನಡುಮನೆಯಲ್ಲಿ ಬೀದಿಯ ಮಕ್ಕಳಿಗೆಲ್ಲ ಸಂಜೆ ಪಾಠ ಹೇಳಿಕೊಡುತ್ತಾಳೆ, ಮನೆ ಬಿಟ್ಟರೆ ಆ ಪಾಠವನ್ನೂ ಬಿಡಬೇಕು. ಆದರೂ ಅವಳು ಜಗಳವಾಡಲಿಲ್ಲ. ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದಿಲ್ಲ, ಶ್ರಾವಣ ಬಂದ ಮೇಲೆ ಹೋಗೋಣ ಎಂದಷ್ಟೇ ಹೇಳಿದಳು. ನೋಟೀಸಿನ ಅವಧಿ ಮುಗಿಯುವುದಕ್ಕೂ ಶ್ರಾವಣ ಹುಟ್ಟುವುದಕ್ಕೂ ಸರಿಹೋಗುತ್ತಿದ್ದುದರಿಂದ ನನ್ನ ಮುಂದಾಲೋಚನೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮಾನ್ಯರೇ, ಆಷಾಢದಲ್ಲಿ ನಮ್ಮ ಜನ ಮನೆ ಬದಲಿಸುವುದಿಲ್ಲವಾದ್ದರಿಂದ ಬಾಡಿಗೆಗಳು ತಗ್ಗಿ ನಿಲ್ಲುತ್ತವೆ ಎಂಬುದು ತಮಗೆ ತಿಳಿದಿಲ್ಲದಿರಬಹುದು. ಹುಟ್ಟಿದಾಗಿನಿಂದ ತಿಳಿದಿದ್ದ ನನಗೂ ಆಗ ನೆನಪಾಗಲಿಲ್ಲ. ಹೊಸೂರಿನ ಕಡೆ ಅನೇಕರಿಗೆ ನಮ್ಮ ಆಷಾಢದ ಬದಲು ಆಡಿ ಮಾಸವಿದೆಯೆಂದೂ, ಅದು ನಮ್ಮ ಶ್ರಾವಣ ಬಂದ ಮೇಲೂ ಕೆಲವು ವಾರ ಎಳೆಯುತ್ತದೆಂದೂ ಸಾಮಾನು ಕಟ್ಟಲು ಕೂತಾಗ ನರಸಪ್ಪನವರ ಫೋನಿನಿಂದ ಗೊತ್ತಾಯಿತು. ಅವರ ಹೆಂಡತಿ ಸೇಲಂ ಕಡೆಯವರಂತೆ. "ಆಡೀಲಿ ಹಾಲುಕ್ಕಿಸಿದ್ರೆ ನಮ್ಮನೆಯವರು ಒಪ್ಪಲ್ಲ ಸಾರ್. ಆಡಿ ಕಳೀಲಿ, ಬನ್ನಿ. ಆವಾಗ ಬಾಡ್ಗೆ ಮಾತ್ರ ಬೇರೆ," ಎಂದರು. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಕಟ್ಟುವವರ ಗೋಳನ್ನು ಕೇಳಿದ್ದೇನೆ, ಒಂದೇ ವರ್ಷದಲ್ಲಿ ಎರಡು ರಾಜ್ಯಗಳ ಅಶುಭ ಮಾಸಗಳನ್ನು ಕಟ್ಟಿದವನು ಬಹುಶಃ ನಾನೊಬ್ಬನೇ.

ಈ ನಡುವೆ ಆಷಾಢದ ಗೊಡವೆಯಿಲ್ಲದ ದೂರದ ಊರಿನ ಯುವ ದಂಪತಿ ನಮ್ಮ ಮನೆ ನೋಡಲು ಬಂದರು. ಪಾಠ ನಡೆಯುತ್ತಿತ್ತು. ಅವರು ಕಪ್ಪುಹಲಗೆಯನ್ನು ಸರಿಸಿ, ಆ ಗೋಡೆಗೆ ಟೀವಿ ಹಿಡಿಸುತ್ತದೆಯೇ ಎಂದು ಟೇಪು ಹಿಡಿದು ಅಳೆದರು. ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿರುವ ಬಸಕ್ಕನ ಮಗಳು ಸುಮಂಗಲಾ ಮಗ್ಗಿ ನಿಲ್ಲಿಸಿ, "ಟೀಚರ್, ನೀವು ಹೊಂಟೀರೇನ್ರಿ?" ಎಂದು ಕೇಳಿದಳು.

"ಗೊತ್ತಿಲ್ಲ ಪುಟ್ಟಿ. ಯಜಮಾನ್ರು ಇನ್ನೂ ಲೆಕ್ಕ ಮಾಡ್ತಿದ್ದಾರೆ," ಎಂದಳು ಪಂಕಜಾ, ನನ್ನ ಕಡೆ ನೋಡದೆ.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇಲ್ಲಿ ಮನೆ ಬಿಟ್ಟು, ಅಲ್ಲಿ ಮನೆ ಹಿಡಿಯಲಾಗದೆ, ಅಷ್ಟು ವಾರ ಇವಳನ್ನು ಎಲ್ಲಿಟ್ಟುಕೊಳ್ಳಲಿ ಎಂಬುದಕ್ಕೆ ತಮ್ಮಲ್ಲಿ ಯಾವ ಕಾಲಮ್ಮೂ ಇರಲಿಲ್ಲ, ನನ್ನಲ್ಲೂ ಇರಲಿಲ್ಲ. ಕೊನೆಗೆ ಪಂಕಜಾಳೇ ಮೇಲಿನ ಮಹಡಿಗೆ ಹೋಗಿ ದೊಡ್ಡಮುನಿಯಪ್ಪನವರ ಹತ್ತಿರ ಮಾತಾಡಿದಳು. ಅವರ ಮೊಮ್ಮಗಳೂ ಅವಳ ಪಾಠಕ್ಕೆ ಬರುತ್ತಾಳೆ. ಹೀಗಾಗಿ ಅವರು ತುಂಬಾ ವಿಶ್ವಾಸದಿಂದಲೇ ಉತ್ತರಿಸಿದರು: "ಅಂಗೇ ಇರಿ ಮೇಡಂ, ಯಾರು ಬ್ಯಾಡ ಅಂದೋರು? ಆ ಹುಡುಗ್ರು ಕೊಡ್ತೀವಿ ಅಂದಿದ್ದು ನೀವೂ ಕೊಡಿ, ಹೊಸದಾಗಿ ಅಗ್ರಿಮೆಂಟ್ ಮಾಡ್ಸೋಣ."

ಹೀಗೆ ನಾನು ನನ್ನ ಮನೆಗೇ ಹೊಸ ಬಾಡಿಗೆದಾರನಾಗಿ, ಹೊಸ ಅಡ್ವಾನ್ಸ್ ಕೊಟ್ಟು, ಹೊಸ ಛಾಪಾಕಾಗದದ ಮೇಲೆ ಸಹಿ ಹಾಕಿದ್ದೇನೆ. ದಿನಾ ಕೋಳಿ ಕೂಗುವ ಮೊದಲು ಕಾರ್ಖಾನೆ ಬಸ್ಸು ಹತ್ತಿ ಇಡೀ ಬೆಂಗಳೂರನ್ನು ಅಡ್ಡ ಹಾಯ್ದು ಹೊಸೂರಿಗೆ ಹೋಗುತ್ತೇನೆ. ಅಲ್ಲಿನ ಅಗ್ಗದ ಕ್ಯಾಪುಚಿನೋವನ್ನು ದಿನವೂ ಕುಡಿಯದೆ ಹಿಂತಿರುಗುತ್ತೇನೆ.

ಆದ್ದರಿಂದ ತಾವು ದಯಮಾಡಿ ತಮ್ಮ ಪಟ್ಟಿಯಲ್ಲಿ ಆಷಾಢಕ್ಕೆ ಒಂದು, ಆಡಿಗೆ ಒಂದು, ಹೆಂಡತಿಯನ್ನು ಮೊದಲು ಕೇಳಿದ್ದೀರಾ ಎಂಬುದಕ್ಕೆ ಒಂದು ಕಾಲಂ ಸೇರಿಸಬೇಕು. ಮೂರನೆಯದನ್ನು ತುಂಬದೆ ಮುಂದಿನ ಪುಟಕ್ಕೆ ಬಿಡಬಾರದು. ಸಾಧ್ಯವಾದರೆ ತಾವೇ ಖುದ್ದಾಗಿ ನಾಗಸಂದ್ರಕ್ಕೆ ದಯಮಾಡಿಸಿ, ನಾನು ಕೊಟ್ಟ ನೋಟೀಸು ತಾವು ಕೊಟ್ಟದ್ದೆಂದು ದೊಡ್ಡಮುನಿಯಪ್ಪನವರ ಮುಂದೆ ಒಪ್ಪಿಕೊಳ್ಳಬೇಕು.

ಶ್ರಾವಣದ ಮೊದಲ ಶುಕ್ರವಾರ ಸಂಜೆ ಪಂಕಜಾ ಅದೇ ಹಳೆಯ ಒಲೆಗೆ ಅರಿಶಿನ ಕುಂಕುಮ ಹಚ್ಚಿ ಹಾಲು ಉಕ್ಕಿಸಿದಳು. ಇದೇನು ಎಂದು ಕೇಳಿದ್ದಕ್ಕೆ, "ಹೊಸ ಬಾಡಿಗೆ ಅಂದ್ಮೇಲೆ ಹೊಸ ಮನೇನೇ ಅಲ್ವೇನ್ರೀ," ಎಂದು ಮೊದಲ ಲೋಟವನ್ನು ಸುಮಂಗಲಾಗೂ ಎರಡನೆಯದನ್ನು ನನಗೂ ಕೊಟ್ಟಳು. ಕಪ್ಪುಹಲಗೆ ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಇಷ್ಟು ದುಬಾರಿ ಹಾಲನ್ನು ನಾನು ಜನ್ಮದಲ್ಲಿ ಕುಡಿದಿರಲಿಲ್ಲ, ಇಷ್ಟು ರುಚಿಯಾದದ್ದನ್ನೂ ಕುಡಿದಿರಲಿಲ್ಲ.

ಮತ್ತೆಂದೂ ತಮ್ಮನ್ನು ಕೇಳದೆ ನಂಬಲಿರುವ,
ತಮ್ಮ ವಿಶ್ವಾಸಿ,
ವೆಂಕಟಸುಬ್ಬಯ್ಯ

ತಾ.ಕ.: ಚಪಲ ತಡೆಯಲಾರದೆ ನಿನ್ನೆ ಎರಡೂ ಖಾನೆಗಳಲ್ಲಿ ನಾಗಸಂದ್ರವೆಂದೇ ತುಂಬಿ ತಮ್ಮನ್ನು ಕೇಳಿದೆ. ನಾಗಸಂದ್ರದಿಂದ ನಾಗಸಂದ್ರಕ್ಕೆ ಹೋದರೆ ಖರ್ಚಿನಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ ಎಂದು ತಾವು ಉತ್ತರಿಸಿದಿರಿ. ಆ ಪುಟವನ್ನು ಮುದ್ರಿಸಿ ದೊಡ್ಡಮುನಿಯಪ್ಪನವರಿಗೆ ತೋರಿಸಿದ್ದೇನೆ. ಅವರು ಅದನ್ನು ಮಡಚಿ, ಅಲುಗಾಡುತ್ತಿದ್ದ ತಮ್ಮ ಮೇಜಿನ ಕಾಲಿನ ಕೆಳಗೆ ಇಟ್ಟುಕೊಂಡರು. ಮೇಜು ಈಗ ಅಲುಗಾಡುವುದಿಲ್ಲ. ತಮ್ಮ ಲೆಕ್ಕ ಇಷ್ಟು ಗಟ್ಟಿಯಾಗಿ ನಿಂತದ್ದನ್ನು ನಾನು ನೋಡಿದ್ದು ಇದೇ ಮೊದಲು.