ಲೇಪದ ಗುಂಡಿಗಾಗಿ ನಾನು ಹೂಡಿದ ಚಳವಳಿ

ನಾನು ಕೋಪದಿಂದ ಶುರುಮಾಡಿದ ಹೋರಾಟಗಳೆಲ್ಲ ಊರವರ ನಗುವಿನಲ್ಲೇ ಮುಗಿಯುತ್ತವೆ. ಒಮ್ಮೆ ಆಗಿದ್ದರೆ ಗ್ರಹಚಾರ ಅನ್ನಬಹುದಿತ್ತು. ಹತ್ತು ವರ್ಷದಿಂದ ತಪ್ಪದೆ ನಡೆದುಕೊಂಡು ಬಂದಿದೆ. ಡಬ್ಲಿನ್ ಪಕ್ಕದ ಕಿಲ್ಡೇರ್ ಜಿಲ್ಲೆಯಲ್ಲಿರುವ ಲೀಕ್ಸ್‌ಲಿಪ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ನನ್ನ ಉದ್ಯೋಗ. ಕ್ಯಾಂಟೀನಿನ ಚಹಾದಿಂದ ಹಿಡಿದು ಬಸ್ಸಿನ ವೇಳೆಯವರೆಗೆ ಎಲ್ಲದರ ಮೇಲೂ ಅರ್ಜಿ ಬರೆದಿದ್ದೇನೆ. ಹೋರಾಟವನ್ನು ಯಾವ ಕಾಲೇಜೂ ನನಗೆ ಕಲಿಸಲಿಲ್ಲ. ಲೈಬ್ರರಿಯಲ್ಲಿ ಕೂತು ಓದಿ ನಾನೇ ಕಲಿತೆ. ಈಚಿನದು ಪಿಸ್ತೂಲಿನ ಗುಂಡಿನ ವಿಷಯ.

೧. ಅರಿಶಿನದ ವಿಚಾರಣೆ

ಸುಸ್ತು, ತಲೆನೋವು ಅಂತ ಡಾಕ್ಟರ್ ಹತ್ತಿರ ಹೋಗಿದ್ದೆ. ರಕ್ತಪರೀಕ್ಷೆ ಆಯಿತು. ಡಾಕ್ಟರಮ್ಮ ಕಾಗದ ನೋಡಿ, "ನಿಮ್ಮ ರಕ್ತದಲ್ಲಿ ಸೀಸ ಜಾಸ್ತಿ ಇದೆ. ಎಲ್ಲಿಂದ ಬರ್ತಿದೆ ಅಂತ ಹುಡುಕಬೇಕು" ಅಂದರು. ಆಮೇಲೆ ಒಂದು ಪಟ್ಟಿ ತೆಗೆದರು.

"ಮನೆಯಲ್ಲಿ ಅರಿಶಿನ ಬಳಸ್ತೀರಾ?"

"ಬಳಸ್ತೀವಿ."

"ಕಾಡಿಗೆ? ಕುಂಕುಮ? ಊರಿಂದ ತಂದ ಹಿತ್ತಾಳೆ ಪಾತ್ರೆ? ನಾಟಿ ಔಷಧಿ?"

ನನಗೆ ಪಿತ್ತ ನೆತ್ತಿಗೇರಿತು. ಭಾರತದವನು ಅಂದ ತಕ್ಷಣ ಅಡುಗೆಮನೆಗೆ ಯಾಕೆ ನುಗ್ಗುತ್ತೀರಿ, ಈ ದೇಶದ ಹಳೇ ಮನೆಗಳ ನೀರಿನ ಕೊಳವೆ ಯಾವುದರಿಂದ ಮಾಡಿದ್ದು, ನಿಮ್ಮ ಗೋಡೆಗಳ ಹಳೇ ಬಣ್ಣದಲ್ಲಿ ಏನಿತ್ತು, ಅಂತ ಹತ್ತು ನಿಮಿಷ ಭಾಷಣ ಬಿಗಿದೆ. ನಮ್ಮಜ್ಜಿ ತೊಂಬತ್ತು ವರ್ಷ ಅರಿಶಿನ ತಿಂದು ಬದುಕಿದ್ದನ್ನೂ ಹೇಳಿದೆ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು ಪಟ್ಟಿಯ ಕೊನೆಗೆ ಬಂದರು.

"ಸರಿ. ಹವ್ಯಾಸ ಏನಾದರೂ ಇದೆಯಾ?"

"ಶನಿವಾರ ಪಿಸ್ತೂಲ್ ಕ್ಲಬ್ಬಿಗೆ ಹೋಗ್ತೀನಿ. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಸೀಸದ ಗುಂಡು..."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಅರಿಶಿನ ಮುಂದುವರಿಸಿ" ಅಂದರು.

೨. ಪೋಸ್ಟರು

ಮೂರು ತಿಂಗಳಲ್ಲಿ ಸೀಸ ಇಳಿಯದಿದ್ದರೆ ಪಿಸ್ತೂಲು ಬಿಡಲೇಬೇಕು ಅಂತ ಅಪ್ಪಣೆಯಾಯಿತು. ಜನಕ್ಕೆ ಅದು ಆಟದ ಸಾಮಾನು. ನನ್ನ ಲೆಕ್ಕ ಬೇರೆ. ವಾರವಿಡೀ ಯಾರ ಜೊತೆಗಾದರೂ ಜಗಳ ಕಾಯುವ ನಾನು, ಕಾಗದದ ಗುರಿಯೆದುರು ಉಸಿರು ಹಿಡಿದು ನಿಂತಾಗ ಮಾತ್ರ ತೆಪ್ಪಗಿರುತ್ತೇನೆ. ನನ್ನ ಹೆಂಡತಿಗೂ ಅದು ಗೊತ್ತು. "ಬಿಡದಿದ್ರೆ ಆರೋಗ್ಯ ಕೆಡುತ್ತೆ. ಬಿಟ್ಟರೆ ಶನಿವಾರವೂ ನಮ್ಮ ಹತ್ರಾನೇ ಜಗಳ ಆಡ್ತೀರ. ಬೇರೆ ಥರದ ಗುಂಡು ಹುಡುಕ್ರೀ" ಅಂದಳು.

ಬೇರೆ ಥರದ್ದು ಇತ್ತು. ಸೀಸದ ಮೇಲೆ ಪ್ಲಾಸ್ಟಿಕ್ಕಿನಂಥ ತೆಳು ಲೇಪ ಕೊಟ್ಟ ಗುಂಡು. ಹೊಗೆಯಲ್ಲಿನ ಸೀಸ ಪೂರ್ತಿ ಹೋಗದಿದ್ದರೂ ಕಡಿಮೆಯಾಗುತ್ತದೆ. ಆದರೆ ನಮ್ಮ ಕ್ಲಬ್ಬಿನಲ್ಲಿ ಕ್ಲಬ್ಬು ತರಿಸಿದ ಗುಂಡನ್ನೇ ಎಲ್ಲರೂ ಹೊಡೆಯಬೇಕು. ನಾನೊಬ್ಬ ಬದಲಾಯಿಸಿದರೂ ಪಕ್ಕದವನ ಹೊಗೆ ನನ್ನ ಮೂಗಿಗೇ ಬರುತ್ತದೆ. ಅಂದರೆ ಇಡೀ ಕ್ಲಬ್ಬೇ ಬದಲಾಗಬೇಕು.

ಕ್ಲಬ್ಬಿನ ಅಧ್ಯಕ್ಷರು ಎಪ್ಪತ್ತು ದಾಟಿದ ನಿವೃತ್ತ ಬಸ್ ಡ್ರೈವರು. ಗುಂಡು ಮುಟ್ಟಿ ಕಪ್ಪಾದ ಕೈಯಲ್ಲೇ ಸ್ಯಾಂಡ್‌ವಿಚ್ ತಿನ್ನುತ್ತಾರೆ. ನನ್ನ ಅಹವಾಲು ಕೇಳಿ, "ನಲವತ್ತು ವರ್ಷದಿಂದ ಬರೀ ಸೀಸವೇ ಹೊಡೀತಿದ್ದೀನಿ. ನೋಡು, ಗ್ರ್ಯಾಂಡ್ ಆಗಿದ್ದೀನಿ" ಅಂದು, ಅಂದರೆ ಇಲ್ಲಿಯ ಮಾತಿನಲ್ಲಿ ಆರಾಮಾಗಿದ್ದೀನಿ ಅಂದು, ಕೆಮ್ಮಿದರು.

ನಾನು ಮನೆಗೆ ಬಂದು ದೊಡ್ಡ ಅಕ್ಷರದಲ್ಲಿ ಪೋಸ್ಟರ್ ಬರೆದೆ. "ಕೈ ತೊಳೆಯದೆ ತಿನ್ನುವವನೇ, ನೀನು ತಿನ್ನುತ್ತಿರುವುದು ಸೀಸ!" ಚಹಾ ಮೇಜಿನ ಮೇಲಿನ ಗೋಡೆಗೆ ಅಂಟಿಸಿದೆ. ಮುಂದಿನ ಶನಿವಾರ ಹೋದರೆ ಗೋಡೆ ಖಾಲಿ. ಪೋಸ್ಟರು ಇಪ್ಪತ್ತೈದು ಮೀಟರ್ ಆಚೆ, ಗುರಿಹಲಗೆಯ ಮೇಲಿತ್ತು. ಕೊನೆಯ ಆಶ್ಚರ್ಯಸೂಚಕದ ಬೊಟ್ಟಿನೊಳಗೆ ಐದು ತೂತು.

"ಸಾದಾ ಸೀಸ," ಅಂದರು ಅಧ್ಯಕ್ಷರು, ಸ್ಯಾಂಡ್‌ವಿಚ್ ಅಗಿಯುತ್ತಾ. "ನಿನ್ನ ಲೇಪದ್ದು ಹೀಗೆ ಹೊಡೀಲಿ, ಆಗ ನಿನ್ನ ಪೋಸ್ಟರ್ ಓದ್ತೀನಿ."

೩. ಆಯುಧಪೂಜೆ

ಆ ನಡುವೆ ಆಯುಧಪೂಜೆ ಬಂತು. ಇಷ್ಟು ವರ್ಷ ಕಾರು, ಮಿಕ್ಸಿ, ಲ್ಯಾಪ್‌ಟಾಪಿಗೆ ಪೂಜೆ ಮಾಡಿ ಮುಗಿಸುತ್ತಿದ್ದೆವು. "ನಿಜವಾದ ಆಯುಧ ಮನೇಲಿಟ್ಕೊಂಡು ಮಿಕ್ಸಿಗೆ ಕುಂಕುಮ ಇಡೋದಾ?" ಅಂದಳು ಹೆಂಡತಿ. ಪಿಸ್ತೂಲನ್ನು ಹೊರಗೆ ತೆಗೆಯುವಂತಿಲ್ಲ. ಹಾಗಾಗಿ ಅದರ ಕಬ್ಬಿಣದ ಪೆಟ್ಟಿಗೆಗೇ ಮೂರು ಬೆರಳಿನ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಮುಂದೆ ಕುಂಕುಮ ಮೆತ್ತಿದ ನಿಂಬೆಹಣ್ಣಿನ ಹೋಳು. "ತಾಯೀ, ಇವರ ರಕ್ತದಿಂದ ಸೀಸ ಇಳಿಸು, ತಲೆಯಿಂದ ಕೋಪ ಇಳಿಸು" ಅಂತ ಜೋರಾಗಿಯೇ ಬೇಡಿಕೊಂಡಳು.

ಮಾರನೇ ದಿನ ಬಾಗಿಲಲ್ಲಿ ಗಾರ್ಡಾ, ಅಂದರೆ ಇಲ್ಲಿಯ ಪೊಲೀಸು. ಲೈಸೆನ್ಸ್ ನವೀಕರಣಕ್ಕೆ ಪೆಟ್ಟಿಗೆ ನೋಡಬೇಕಂತೆ. ಮಹಡಿ ಹತ್ತಿ ಹೋದವರು ಹಾರ ನೋಡಿದರು, ನಿಂಬೆಹಣ್ಣಿನ ಹೋಳು ನೋಡಿದರು, ಅದರ ಕೆಂಪು ರಸ ನೋಡಿದರು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಮೆಲ್ಲಗೆ ಕೇಳಿದರು, "ಇಲ್ಲಿ... ಯಾರಾದರೂ ತೀರಿಕೊಂಡರಾ?"

ನಾನು ಸಂಪ್ರದಾಯದ ಇತಿಹಾಸ ಶುರುಮಾಡುವ ಮೊದಲೇ ಏಳು ವರ್ಷದ ನನ್ನ ಮಗಳು, ಅಪ್ಪಟ ಕಿಲ್ಡೇರ್ ರಾಗದ ಇಂಗ್ಲಿಷಿನಲ್ಲಿ, "ಏನಿಲ್ಲ, ಗ್ರ್ಯಾಂಡ್! ಅಪ್ಪ ಗನ್ನಿಗೆ ವರ್ಷಕ್ಕೆ ಒಂದೇ ಸಲ ಪೂಜೆ ಮಾಡೋದು" ಅಂದಳು.

ಲೈಸೆನ್ಸ್ ಹೋಯಿತು ಅಂದುಕೊಂಡೆ. ಅವರು ಬೀಗ ಎಳೆದು ನೋಡಿದರು, ಗೋಡೆಯ ಬೋಲ್ಟು ಅಲ್ಲಾಡಿಸಿದರು, ಬರೆದುಕೊಂಡರು. ಬಗ್ಗಿ ಓದಿದೆ: "ಪೆಟ್ಟಿಗೆ ಭದ್ರ. ನಿಯಮಕ್ಕಿಂತ ಹೆಚ್ಚಿನ ರಕ್ಷಣೆ ಇದೆ."

೪. ಬಣ್ಣದ ಆಯ್ಕೆ

ಅಧ್ಯಕ್ಷರ ಸವಾಲಿಗೆ ಉತ್ತರ ಕೊಡಬೇಕಿತ್ತು. ಕ್ಲಬ್ಬಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಹುಬ್ಬಳ್ಳಿಯ ಸಾಹೇಬ, ಸಾಫ್ಟ್‌ವೇರಿನವನು. "ಮನ್ಯಾಗ ನಾವ ಎರಕ ಹೊಯ್ದು, ಲೇಪ ಬಳದು ಮಾಡೂಣೇನು? ಅಮೆರಿಕಾದಾಗ ಮಾಡ್ತಾರಂತ" ಅಂದ. ಇಲ್ಲಿ ಮನೆಯಲ್ಲಿ ಗುಂಡು ತಯಾರಿಸಿದರೆ ಇಬ್ಬರೂ ಜೈಲಿನಲ್ಲಿ ಕೂತು ಮುದ್ದೆ ತಿನ್ನಬೇಕಾಗುತ್ತದೆ ಅಂದೆ. "ಜೈಲಾಗ ಮುದ್ದಿ ಕೊಡ್ತಾರೇನು? ನಾ ಒಲ್ಲೆಪಾ" ಅಂದ.

ಕಮಿಟಿಯಿಂದ ಪರೀಕ್ಷೆಗೆ ಅಂತ ಒಪ್ಪಿಗೆ ಪಡೆದು, ಅಂಗಡಿಯಿಂದ ಮೂರು ಕಂಪನಿಯ ಲೇಪದ ಗುಂಡು ತರಿಸಿದೆವು. ಹಳದಿ, ಕೆಂಪು, ನೀಲಿ. ಮರಳುಚೀಲದ ಮೇಲೆ ಕೈ ಊರಿ ಒಂದೊಂದರಲ್ಲಿ ಹತ್ತು ಹೊಡೆಯುವುದು, ತೂತುಗಳ ನಡುವಿನ ಅಂತರ ಅಳೆಯುವುದು. ನಾನು ಹೊಡೆಯುವ ಮೊದಲೇ ತೀರ್ಮಾನಿಸಿದ್ದೆ. ಅರ್ಧ ಹಳದಿ, ಅರ್ಧ ಕೆಂಪು. ಡಬ್ಬಿ ತೆರೆದರೆ ಕನ್ನಡ ಬಾವುಟ!

ಹಳದಿ ಎರಡು ಸಲ ಪಿಸ್ತೂಲಿನಲ್ಲಿ ಸಿಕ್ಕಿಹಾಕಿಕೊಂಡಿತು. "ಹವೆ ತಣ್ಣಗಿದೆ, ಅದಕ್ಕೆ" ಅಂದೆ. ಕೆಂಪು ಕಾಗದದ ತುಂಬ ಚೆಲ್ಲಾಪಿಲ್ಲಿ. "ನನ್ನ ಕೈ ನಡುಗ್ತು" ಅಂದೆ. ನೀಲಿಯ ಹತ್ತೂ ತೂತುಗಳು ಎರಡು ಯೂರೋದ ಒಂದೇ ನಾಣ್ಯದಡಿ ಮುಚ್ಚಿಹೋದವು. ಕೈಯೂ ಕಪ್ಪಾಗಿರಲಿಲ್ಲ. "ಏನೋ ಅದೃಷ್ಟ. ಹಳದಿ-ಕೆಂಪು ಇನ್ನೊಂದು ಸಲ ಹೊಡೀತೀನಿ" ಅಂದೆ.

ಗೆಳೆಯ ಅಳತೆಪಟ್ಟಿ ಮಡಚಿ ಜೇಬಿಗಿಟ್ಟ. "ಅಲ್ಲೋ ತಮ್ಮಾ, ನೀ ಸೀಸ ಇಳಸಾಕ ಬಂದೀಯೋ, ಬಾವುಟ ಏರಸಾಕ ಬಂದೀಯೋ?"

೫. ಮತದಾನ

ವಾರ್ಷಿಕ ಸಭೆಯಲ್ಲಿ ವಿಷಯ ಮತಕ್ಕೆ ಬಂತು. ನನ್ನ ಮುಂದಿನ ರಕ್ತಪರೀಕ್ಷೆಗೆ ಮೊದಲಿನ ಕೊನೇ ಸಭೆ. ಸೋತರೆ ಪಿಸ್ತೂಲು ಮಾರುವುದೇ. ಹದಿನಾಲ್ಕು ಪುಟದ ಭಾಷಣ ಬರೆದಿದ್ದೆ. ಶ್ವಾಸಕೋಶ, ಮೂತ್ರಪಿಂಡ, ನರಮಂಡಲ, ಎಲ್ಲ ಇತ್ತು. ಮೂರನೇ ಪುಟದಲ್ಲಿ, "ಇಗೋ, ನಮ್ಮ ಭವಿಷ್ಯ!" ಅಂತ ಗುಂಡನ್ನು ಎತ್ತಿ ಹಿಡಿದೆ.

ಎಲ್ಲರೂ ಕತ್ತು ಚಾಚಿ ನೋಡಿದರು.

"ಅದು ನೀಲಿ" ಅಂದ ಹಿಂದಿನ ಸಾಲಿನವನೊಬ್ಬ.

"ಹೌದು, ನೀಲಿ."

"ಡಬ್ಲಿನ್ ನೀಲಿ."

ಆಗ ನನಗೆ ಜ್ಞಾನೋದಯವಾಯಿತು. ಕಿಲ್ಡೇರಿನವರ ಫುಟ್‌ಬಾಲ್ ತಂಡದ ಬಣ್ಣ ಬಿಳಿ. ನೀಲಿ ಅಂದರೆ ಪಕ್ಕದ ಡಬ್ಲಿನ್. ಇವರ ಅಪ್ಪಂದಿರನ್ನೂ ಇವರನ್ನೂ ಅಳಿಸಿ ಮನೆಗೆ ಕಳಿಸಿದ ತಂಡ. ಸೀಸದ ಬಗ್ಗೆ ಸಿಕ್ಕಿದ್ದೆಲ್ಲ ಓದಿದ ನಾನು ಎದುರುಮನೆ ಕಿಟಕಿಯ ಬಾವುಟ ಓದಿರಲಿಲ್ಲ. "ನನ್ನ ಪಿಸ್ತೂಲಿಗೆ ಅದನ್ನ ತುಂಬೋದಕ್ಕಿಂತ ಸೀಸ ಕುಡಿದು ಸಾಯ್ತೀನಿ" ಅಂತ ಒಬ್ಬ ಎದ್ದು ಕೂಗಿದ. ಚಪ್ಪಾಳೆ ಬಿತ್ತು. "ಮುಗೀತಲ್ಲೋ" ಅಂದ ಹುಬ್ಬಳ್ಳಿ ಗೆಳೆಯ. ನಾನು ಮಾರಾಟದ ಜಾಹೀರಾತಿನ ಒಕ್ಕಣೆ ಯೋಚಿಸತೊಡಗಿದೆ.

ಅಧ್ಯಕ್ಷರು ಎದ್ದು ಬಂದರು. ನನ್ನ ಕೈಯಿಂದ ಗುಂಡು ತೆಗೆದುಕೊಂಡು, ಕನ್ನಡಕ ಹಾಕಿ, ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ಹೊಡೆದರೆ ಎಲ್ಲಿಗೆ ಹೋಗುತ್ತೆ?"

"ಕಾಗದ ತೂರಿ, ಹಿಂದಿನ ಉಕ್ಕಿನ ತಗಡಿಗೆ."

"ಜೋರಾಗಿ ಬಡಿಯುತ್ತಾ?"

"ಬಹಳ ಜೋರಾಗಿ."

"ಚಪ್ಪಟೆ ಆಗುತ್ತಾ?"

"ಅಪ್ಪಚ್ಚಿ."

ಅವರು ಸಭೆಯ ಕಡೆ ತಿರುಗಿದರು. "ಕೇಳಿದಿರಾ? ಪ್ರತಿ ಶನಿವಾರ, ತಲಾ ಐವತ್ತು ಸಲ, ಡಬ್ಲಿನ್ನನ್ನ ಉಕ್ಕಿನ ಗೋಡೆಗೆ ಬಡಿದು ಅಪ್ಪಚ್ಚಿ ಮಾಡಬಹುದು!"

ಅಷ್ಟೂ ಕೈಗಳು ಮೇಲೆದ್ದವು. ಸೀಸ ಕುಡಿಯುತ್ತೇನೆ ಅಂದವನು ಎರಡೂ ಕೈ ಎತ್ತಿದ್ದ. ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈಹಾಕಿ, ನಿಜವಾದ ಬೇಸರದಿಂದ ಬೈದರು:

"ಇಷ್ಟು ಒಳ್ಳೇ ಕಾರಣ ಇಟ್ಕೊಂಡು, ಮೂರು ತಿಂಗಳಿಂದ ಆರೋಗ್ಯ ಆರೋಗ್ಯ ಅಂತ ಯಾಕಪ್ಪಾ ಕೊರೀತಿದ್ದೆ?"