ಭಾವನ ಪ್ರಶ್ನೆಗಳ ಬಡಾವಣೆ

ನಮ್ಮ ಭಾವ ಜಯನಗರದ ಅಷ್ಟೂ ಬ್ಲಾಕುಗಳನ್ನು ತಮ್ಮದಾಗಿಸಿಕೊಂಡಿದ್ದಾರೆ. ಅದೂ ಒಂದು ಪೈಸೆ ಕೊಡದೆ! ಫುಟ್‌ಪಾತಿನ ಮೇಲೆ ದಿಂಬಿನ ಕವರು ಹರಡಿಕೊಂಡು ಕೂಗಿ ಕೂಗಿ, ಇವತ್ತು ಬನಶಂಕರಿಯಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟಿರುವ ನನಗೆ ಈ ಭಾಗದ ಒಂದೊಂದು ಅಡಿ ನೆಲದ ಬೆಲೆ ಗೊತ್ತು. ಇಷ್ಟು ವರ್ಷ ಚೌಕಾಸಿ ಮಾಡಿಯೂ ನನಗೆ ದಕ್ಕಿದ್ದು ಒಂದು ಬಾಡಿಗೆ ಮಳಿಗೆ. ಭಾವನಿಗೆ ಮಾತ್ರ ಇಡೀ ಬಡಾವಣೆ, ಮರಗಳ ಸಮೇತ. ಹೇಗೆ ಅಂತೀರಾ? ಹೇಳುತ್ತೇನೆ. ಆದರೆ ಇದನ್ನು ಓದಿ ನೀವೂ ಹಾಗೇ ಹೊರಟರೆ ನಾನು ಜವಾಬ್ದಾರನಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅವರ ಕೆಲಸದ ಹೆಸರು ಡ್ಯೂ ಡಿಲಿಜೆನ್ಸ್. ಹೆಸರಿಗೆ ಹೆದರಬೇಡಿ. ಎತ್ತು ಕೊಳ್ಳುವವನು ಮೊದಲು ಹಲ್ಲು ನೋಡುವುದಿಲ್ಲವೇ, ಅಷ್ಟೇ. ಒಂದು ಕಂಪನಿ ಇನ್ನೊಂದನ್ನು ಕೊಳ್ಳಲು ಹೊರಟಾಗ ಒಳಗೆ ಏನೇನು ಹುಳುಕಿದೆ ಎಂದು ಇವರು ವಿಚಾರಿಸಿ ಹೇಳಬೇಕು. ಮೊದಲೆಲ್ಲ ಅದಕ್ಕಾಗಿ ರಾಶಿ ರಾಶಿ ಕಾಗದ ಓದುತ್ತಿದ್ದರು. ಈಗ ಎಐ ಬಂದಿದೆ. ಸರಿಯಾಗಿ ಕೇಳಿದರೆ ಕಾಗದವನ್ನೆಲ್ಲ ಅದೇ ಓದಿ ಹೇಳುತ್ತದೆ. ಹಾಗೆ ಕೇಳುವ ಮಾತಿಗೆ ಪ್ರಾಂಪ್ಟ್ ಅನ್ನುತ್ತಾರೆ. ಒಂದು ಒಳ್ಳೆಯ ಪ್ರಾಂಪ್ಟ್ ಹದಕ್ಕೆ ಬರಲು ವಾರಗಟ್ಟಲೆ ಬೇಕಂತೆ. ಹದಕ್ಕೆ ಬಂದಿತೋ, ಕಂಪನಿಯ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಎತ್ತಿಡುತ್ತಾರೆ. ಮುಂದಿನ ಸಲ ಹೆಸರು ತುಂಬಿದರೆ ಸಾಕು.

“ಅಷ್ಟೇನಾ? ನಾನು ವರ್ಷಕ್ಕಾಗೋಷ್ಟು ಸಾರಿನ ಪುಡಿ ಮಾಡಿಡಲ್ವಾ, ಅದೇ ತಾನೆ?” ಎಂದಳು ಅಕ್ಕ.

“ಅದೇ ಕಣೇ. ಆದ್ರೆ ನಿನ್ನ ಪುಡೀಗೆ ಡಬ್ಬ ಇದೆ. ನನ್ನ ಪ್ರಶ್ನೆಗಳಿಗೆ ಡಬ್ಬ ಎಲ್ಲಿದೆ?” ಎನ್ನುತ್ತಾ ಭಾವ ಕಿಟಕಿಯಾಚೆ ನೋಡತೊಡಗಿದರು.

ಕಿಟಕಿಯಾಚೆ ಜಯನಗರವಿತ್ತು. ಅಲ್ಲಿಗೆ ಮುಗಿಯಿತು!

ಒಂದನೇ ಬ್ಲಾಕಿನಲ್ಲಿ ಕಂಪನಿಯ ಮಾಲೀಕರನ್ನು ಕುರಿತ ಪ್ರಶ್ನೆಗಳು. ಮೂರನೆಯದರಲ್ಲಿ ಸಾಲಸೋಲ. ನಾಲ್ಕನೆಯದರಲ್ಲಿ ಹೇಗೂ ಮಾರುಕಟ್ಟೆ ಇದೆ, ಆದ್ದರಿಂದ ವ್ಯಾಪಾರ ಮತ್ತು ಪೈಪೋಟಿ. ಇನ್ನೂ ಅರ್ಧ ಕಟ್ಟಿದ ಪ್ರಶ್ನೆಗಳೆಲ್ಲ, ಮನೆಗಳು ಇನ್ನೂ ಏಳುತ್ತಲೇ ಇರುವ ವಸಂತಪುರಕ್ಕೆ. ಎಷ್ಟು ಕೇಳಿದರೂ ಮುಂದೆ ಹೋಗದೆ ನಿಂತಲ್ಲೇ ನಿಲ್ಲುವ ಪ್ರಶ್ನೆಗಳಿಗೆ, ಗಾಡಿಗಳು ಕದಲದ ಆ ಸರ್ಕಲ್ಲಿನ ನೆನಪಿಗೆ, ಸಿಲ್ಕ್ ಬೋರ್ಡ್ ಎಂದು ಹೆಸರು. ಕಂಪ್ಯೂಟರಿನಲ್ಲಿ ಹೀಗೆ ಹೆಸರಿಟ್ಟು ಸುಮ್ಮನಾಗಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಭಾವ ಒಂದೊಂದು ಪ್ರಶ್ನೆಗೆ ಒಂದೊಂದು ಮರವನ್ನೂ ಗೊತ್ತುಮಾಡಿದರು. ಒಂದು ಪ್ರಾಂಪ್ಟನ್ನು ತಿದ್ದಬೇಕಾದರೆ ಆ ಬ್ಲಾಕಿಗೇ ನಡೆದುಹೋಗಿ ಆ ಮರದ ಕೆಳಗೇ ನಿಲ್ಲಬೇಕು. ಸಂಜೆ ಹೊತ್ತು ಹೊಂಗೆಯ ನೆರಳು ಡಾಂಬರಿನ ಮೇಲೆ ನೀರಿನ ಹಾಗೆ ಅಲ್ಲಾಡುತ್ತಿರುವಾಗ, ಯಾರದೋ ಮನೆಯ ಒಗ್ಗರಣೆಯ ಘಮ ಬೀದಿಗೆ ಇಳಿಯುತ್ತಿರುವಾಗ, ಕೈ ಹಿಂದೆ ಕಟ್ಟಿಕೊಂಡು ಮೇಲೆ ನೋಡುತ್ತಾ ನಿಂತ ಒಬ್ಬರನ್ನು ನೀವು ಕಂಡಿದ್ದರೆ, ಅವರು ಹಕ್ಕಿ ನೋಡುತ್ತಿರಲಿಲ್ಲ. ಯಾವುದೋ ಕಂಪನಿಯ ತೆರಿಗೆ ಬಾಕಿಯನ್ನು ಯೋಚಿಸುತ್ತಿದ್ದರು!

ಮೂರನೇ ಬ್ಲಾಕಿನ ಒಂದು ಮನೆಯ ಮುಂದೆ ಆಕಾಶಮಲ್ಲಿಗೆ ಮರವಿದೆ. ಒಂದು ಬೆಳಿಗ್ಗೆ ಭಾವ ಅದರ ಕೆಳಗೆ ನಿಂತಿದ್ದಾರೆ. ಬಿಳಿ ಹೂವು ಒಂದೊಂದಾಗಿ ತಿರುಗುತ್ತಾ ತಿರುಗುತ್ತಾ ಹೆಗಲಿಗೆ ಬೀಳುತ್ತಿದೆ. ಗಿಡಕ್ಕೆ ನೀರು ಹಾಕುತ್ತಿದ್ದ ಮನೆಯ ಯಜಮಾನರು ಗೇಟಿಗೆ ಬಂದರು.

“ಯಾರು ಬೇಕಾಗಿತ್ತು ಸಾರ್?”

“ಯಾರೂ ಬೇಡ ಸಾರ್. ಇಲ್ಲಿ ಸಾಲದ ವಿಷಯ ಒಂದಿತ್ತು. ನೋಡ್ಕೊಂಡು ಹೋಗೋಣ ಅಂತ ಬಂದೆ.”

ಯಜಮಾನರ ಕೈಯ ಪೈಪು ಅವರದೇ ಪಂಚೆಯ ಕಡೆ ತಿರುಗಿತು. “ಅದು ನಂದಲ್ಲ ಸಾರ್, ನನ್ನ ತಮ್ಮನ ಸಾಲ! ಅವನೀಗ ಉತ್ತರಹಳ್ಳಿ ಕಡೆ ಇದಾನೆ. ಅಡ್ರೆಸ್ ಬರ್ಕೊಡ್ಲಾ?”

ಕೇಳದೆಯೇ ಉತ್ತರ ಬರುವ ಪ್ರಶ್ನೆ! ಭಾವ ಆ ಪ್ರಾಂಪ್ಟಿಗೆ ಇವತ್ತಿಗೂ ಒಂದು ನಕ್ಷತ್ರ ಹಾಕಿಟ್ಟಿದ್ದಾರೆ.

ಅವರ ಪ್ರತಿ ಪ್ರಾಂಪ್ಟಿನ ಕೊನೆಗೂ ಎರಡು ಸಾಲು ತಪ್ಪದೆ ಇರುತ್ತವೆ: ‘ಆಧಾರ ಕೊಡು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು.’ ಅದಕ್ಕೂ ಕಾರಣವಿದೆ. ಒಮ್ಮೆ ಎಐ, ಹುಳಿಮಾವಿನ ಹತ್ತಿರ ಒಂದು ಕಾರ್ಖಾನೆ ಇದೆ, ಲಾಭದಲ್ಲಿ ನಡೆಯುತ್ತಿದೆ ಎಂದು ಬಹಳ ಗಂಭೀರವಾಗಿ ಹೇಳಿತು. ಭಾವ ಆ ವಿಳಾಸ ಹುಡುಕಿಕೊಂಡು ಹೋದರು. ನೋಡಿದರೆ ಕೆರೆ! ಕಾರ್ಖಾನೆ ಇರಬೇಕಾದ ಜಾಗದಲ್ಲಿ ಒಂಟಿ ಕಾಲಿನ ಮೇಲೆ ಬೆಳ್ಳಕ್ಕಿ. ಬೇರೆ ಯಾರಾದರೂ ಆಗಿದ್ದರೆ ಬೈದುಕೊಂಡು ವಾಪಸು ಬರುತ್ತಿದ್ದರು. ಇವರು ಮಧ್ಯಾಹ್ನವೆಲ್ಲ ಅಲ್ಲೇ ಕೂತು, ನೀರಿನ ಮೇಲೆ ಮೋಡ ಹೋಗುವುದನ್ನು ನೋಡಿ ಬಂದರು.

“ಕಂಪನಿ ಇಲ್ಲ ಕಣಯ್ಯಾ. ಆದ್ರೆ ಎಂಥಾ ಆಸ್ತಿ!” ಎಂದರು ನನಗೆ.

ಎಐಯೊಂದಿಗೆ ಮಾತಾಡಿ ಮಾತಾಡಿ ಭಾವ ಮನುಷ್ಯರ ಜೊತೆಗೂ ಹಾಗೇ ಮಾತಾಡತೊಡಗಿದ್ದು ಇನ್ನೊಂದು ಫಜೀತಿ. ಪ್ರಾಂಪ್ಟಿನ ಮೊದಲಿಗೆ ‘ನೀನು ಇಂಥ ವಿಷಯದಲ್ಲಿ ನುರಿತವನು’ ಎಂದು ಯಂತ್ರವನ್ನು ಉಬ್ಬಿಸಿದರೆ ಉತ್ತರ ಚೆನ್ನಾಗಿ ಬರುತ್ತದಂತೆ. ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಒಂದು ಬದನೆಕಾಯಿ ಹಿಡಿದು ತರಕಾರಿಯವಳಿಗೆ ಹೇಳಿದರು, “ಅಕ್ಕಾ, ನೀವು ಮೂವತ್ತು ವರ್ಷ ಅನುಭವ ಇರೋ ತರಕಾರಿ ತಜ್ಞೆ. ಈ ಬದನೆಕಾಯಿಯ ಮೂರು ದೋಷ ಹೇಳಿ. ಆಧಾರ ಕೊಡಿ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ.”

ಆಕೆ ಸೊಪ್ಪಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು. “ಒಂದನೇ ದೋಷ, ಆಗ್ಲಿಂದ ನೀವು ಅದನ್ನ ಹಿಸುಕ್ತಾ ಇದೀರ. ಆಧಾರ, ಅದ್ರ ಮೇಲಿರೋ ನಿಮ್ಮ ಹೆಬ್ಬೆಟ್ಟಿನ ಗುರುತು. ಎರಡು, ಮೂರು ಗೊತ್ತಿಲ್ಲ. ತೂಕ ಹಾಕ್ಲಾ?”

ನಾನು ಪಕ್ಕದಲ್ಲೇ ಇದ್ದೆ. ಏನು ಚೌಕಾಸಿ ಮಾಡಲಿ? ಹಿಸುಕಿದ ಮಾಲಿಗೆ ಚೌಕಾಸಿ ಇಲ್ಲ. ಇದನ್ನು ನೀವೂ ನೆನಪಿಟ್ಟುಕೊಳ್ಳಿ.

ಹೀಗೆ ನಗುನಗುತ್ತಾ ದಿನ ಹೋಗುತ್ತಿದ್ದಾಗ, ಒಂದು ಮಧ್ಯಾಹ್ನ ಭಾವನ ಒಬ್ಬಳೇ ಮಗಳು, ನಮ್ಮ ಪುಟ್ಟಿ, ಅಂಗಡಿಗೆ ಬಂದಳು. ಬಂದವಳು ಕೌಂಟರಿನ ಮೇಲಿದ್ದ ಅಳತೆ ಟೇಪನ್ನು ಎಳೆಯುವುದು, ಬಿಡುವುದು, ಎಳೆಯುವುದು, ಬಿಡುವುದು.

“ಏನಾಯ್ತೇ?”

“ಮಾವ, ನಮ್ಮ ಆಫೀಸಲ್ಲಿ ಒಬ್ಬ ಇದಾನೆ. ಹುಬ್ಬಳ್ಳಿಯವನು. ಬಿಟಿಎಂನಲ್ಲಿ ರೂಮ್ ಮಾಡ್ಕೊಂಡಿದಾನೆ. ಅಪ್ಪಂಗೆ ಹೇಳ್ದೆ.”

“ಹೇಳಿಯೂ ಆಯ್ತಾ! ಏನಂದ್ರು?”

“‘ಸಂತೋಷ, ವಿಚಾರಿಸೋಣ’ ಅಂದ್ರು.” ಟೇಪು ಸರ್ರೆಂದು ಒಳಗೆ ಹೋಯಿತು. “ಅಪ್ಪ ವಿಚಾರಿಸಿದ ಮೇಲೆ ಯಾವ ಕಂಪನಿನಾದ್ರೂ ಉಳ್ಕೊಂಡಿದ್ಯಾ ಮಾವ?”

ಉಳಿದಿರಲಿಲ್ಲ. ನನಗೆ ಗೊತ್ತಿದ್ದಂತೆ ಭಾವ ಮರದ ಕೆಳಗೆ ನಿಂತು ತೂಗಿದ ಯಾವ ವ್ಯವಹಾರವೂ ಕುದುರಿರಲಿಲ್ಲ. “ಓಡಿಹೋಗು” ಎಂದು ತಮಾಷೆ ಮಾಡೋಣವೆಂದರೆ ಹುಡುಗಿಯ ಕಣ್ಣು ತುಂಬಿತ್ತು.

“ನಂಗೆ ಅವನೂ ಬೇಕು. ಅಪ್ಪ ಮೊದಲಿನ ಹಾಗೇ ನಗ್ತಾನೂ ಇರ್ಬೇಕು. ಎರಡೂ ಬೇಕು ಮಾವ.”

ಎರಡನ್ನೂ ಒಂದೇ ಬೆಲೆಗೆ ಕೊಡಿಸುವುದರಲ್ಲೇ ನನ್ನ ಜೀವಮಾನ ಕಳೆದಿದೆ. “ಹುಡುಗನ್ನ ಕಳಿಸು” ಎಂದೆ.

ಹುಡುಗ ಬಂದ. ಉದ್ದಕ್ಕೆ, ಸಂಕೋಚದವನು. ಕೂಡಿಸಿ ಪಾಠ ಶುರುಮಾಡಿದೆ. “ನೋಡಪ್ಪಾ, ಗಿರಾಕಿ ಏನೇ ಕೇಳ್ಲಿ, ಗೊತ್ತಿಲ್ಲ ಅನ್ನೋ ಮಾತು ಬಾಯಿಂದ ಬರಕೂಡ್ದು. ಈ ಬಣ್ಣ ಹೋಗತ್ತಾ ಅಂತ ಕೇಳಿದ್ರೆ, ‘ಪರದೆ ಹರಿದ್ರೂ ಬಣ್ಣ ಹೋಗಲ್ಲ ಮೇಡಂ’ ಅನ್ಬೇಕು.”

“ಮತ್ತ ಹರೀತದೇನ್ರಿ ಮಾಮಾ?”

“ಅಯ್ಯೋ, ಅದನ್ನ ಯಾರೂ ಕೇಳಲ್ಲಪ್ಪ!”

“ನಾನs ಕೇಳಿದ್ನಲ್ರಿ.”

ಇವನನ್ನು ತಿದ್ದುವುದು ಕಷ್ಟ ಎಂದು ನನಗೆ ಆಗಲೇ ಅನ್ನಿಸಬೇಕಿತ್ತು. ಆದರೂ ಆಸ್ತಿ, ಆರೋಗ್ಯ, ಆಫೀಸು, ಅಡುಗೆ, ಎಲ್ಲಕ್ಕೂ ಹೊಳೆಯುವ ಉತ್ತರಗಳನ್ನು ಬಾಯಿಪಾಠ ಮಾಡಿಸಿ ಕಳಿಸಿದೆ.

ಭಾನುವಾರ ಸಂಜೆ. ಹುಡುಗ ಇಸ್ತ್ರಿ ಮಾಡಿದ ಷರಟಿನಲ್ಲಿ ಬಂದು ಸೋಫಾದ ತುದಿಯಲ್ಲಿ ಕೂತ. ಅಕ್ಕ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು. ಭಾವ ಎದ್ದು ಕೈ ಹಿಂದೆ ಕಟ್ಟಿಕೊಂಡು, “ಬಾ, ಒಂದು ಸುತ್ತು ಹೋಗ್ಬರೋಣ” ಎಂದರು. ವಿಚಾರಣೆ ಮರಗಳ ಕೆಳಗೆ! ಪುಟ್ಟಿ ಸಿಕ್ಕಿದ ಹಳೆಯ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಓಡಿಬಂದಳು. ನಾವಿಬ್ಬರೂ ಸ್ವಲ್ಪ ಹಿಂದೆ, ಕಿವಿ ಮಾತ್ರ ಮುಂದೆ.

ಸಂಜೆಯೇನೋ ಬಹಳ ಚೆನ್ನಾಗಿತ್ತು. ಮಳೆ ಬರುತ್ತೇನೆ ಎಂದು ಹೇಳಿ ಮರೆತುಬಿಟ್ಟಂಥ ಆಕಾಶ. ಬೀದಿದೀಪಗಳು ಇನ್ನೂ ಅರೆಮನಸ್ಸಿನಲ್ಲಿದ್ದವು. ಭಾವ ಒಂದು ಮರದಿಂದ ಇನ್ನೊಂದಕ್ಕೆ ದೇವರಿಗೆ ಪ್ರದಕ್ಷಿಣೆ ಬರುವವರಂತೆ ನಡೆಯುತ್ತಿದ್ದರು. ಮನೆತನ, ಓದು, ಸಾಲ ಇದೆಯೇ, ಸಿಗರೇಟು ಉಂಟೇ. ಹುಡುಗನ ಬಾಯಿಂದ ನನ್ನ ಪಾಠ ಬೋರ್‌ವೆಲ್ ನೀರಿನಂತೆ ಹರಿಯುತ್ತಿತ್ತು. ಭಾವನ ಮುಖ ಮಾತ್ರ ಒಂದೊಂದು ಉತ್ತರಕ್ಕೂ ಬಾಡುತ್ತಾ ಹೋಯಿತು. ಅಷ್ಟು ಚೆಂದದ ಉತ್ತರಗಳಿಗೆ ಯಾಕೆ ಬಾಡಬೇಕು? ನನಗೆ ತಿಳಿಯಲಿಲ್ಲ. ಪುಟ್ಟಿ ನನ್ನ ತೋಳು ಹಿಡಿದುಕೊಂಡಳು.

ನಾಲ್ಕನೇ ಬ್ಲಾಕಿಗೆ ಬರುವ ಹೊತ್ತಿಗೆ ಭಾವ ತಮ್ಮದೇ ಲೋಕದಲ್ಲಿದ್ದರು. ಕಂಪನಿಗೆ ಕೇಳುವ ಪ್ರಶ್ನೆಯನ್ನು ಹುಡುಗನಿಗೆ ಹೊಂದಿಸುವುದನ್ನೇ ಮರೆತು ಕೇಳಿಬಿಟ್ಟರು, “ಮಾರುಕಟ್ಟೆಯಲ್ಲಿ ನಿಮಗೆ ಪ್ರತಿಸ್ಪರ್ಧಿಗಳು ಎಷ್ಟು ಜನ? ಆಧಾರ ಕೊಡಿ.”

ನಾನು ಇದಕ್ಕೆ ಪಾಠ ಮಾಡಿರಲಿಲ್ಲ. ಹುಡುಗ ಗಾಬರಿಯಾಗಿ ಹಿಂದೆ ತಿರುಗಿ ಪುಟ್ಟಿಯನ್ನೇ ನೋಡಿದ. “ಸದ್ಯಕ್ಕ ಯಾರೂ ಇಲ್ಲ ಅಂದಾಳ್ರಿ ಅಂಕಲ್. ಆಧಾರ ಅಕಿ ಕಡೆ ಅದ!”

ಪುಟ್ಟಿ ನಕ್ಕಳು. ಭಾವ ನಗಲಿಲ್ಲ. ನಿಧಾನಕ್ಕೆ ಒಂಬತ್ತನೇ ಬ್ಲಾಕಿನವರೆಗೂ ನಡೆದು, ಕೊನೆಯ ಒಂದು ಸಂಪಿಗೆ ಮರದ ಕೆಳಗೆ ನಿಂತರು. ಆ ಮರಕ್ಕೆ ಅವರು ಯಾವ ಪ್ರಶ್ನೆಯನ್ನೂ ಇಟ್ಟಿರಲಿಲ್ಲ. ನನಗದು ಗೊತ್ತಿತ್ತು. ತಲೆಯೆತ್ತಿ ಎಲೆಗಳನ್ನು ನೋಡಿದರು. ಆಮೇಲೆ ಯಾವ ಬ್ಲಾಕಿನದೂ ಅಲ್ಲದ ದನಿಯಲ್ಲಿ ಕೇಳಿದರು, “ಅವಳು ನಿನ್ನ ಜೊತೆ ಸಂತೋಷವಾಗಿರ್ತಾಳೇನಪ್ಪಾ?”

ಹೂಂ, ಹೇಳು! ನಾನು ಮನಸ್ಸಿನಲ್ಲೇ ಹುಡುಗನನ್ನು ತಿವಿದೆ. ‘ರಾಣಿ ಹಾಗೆ ನೋಡ್ಕೋತೀನಿ’ ಎಂದು ಹೇಳಿಕೊಟ್ಟಿದ್ದೆ. ಹತ್ತು ಸಲ ಹೇಳಿಸಿದ್ದೆ.

ಹುಡುಗ, “ಗೊತ್ತಿಲ್ರೀ ಅಂಕಲ್” ಎಂದ.

ನಾನು ಹಣೆ ಚಚ್ಚಿಕೊಂಡೆ. ಪುಟ್ಟಿ ಕಣ್ಣು ಮುಚ್ಚಿದಳು. ಎಲ್ಲೋ ಒಂದು ಪ್ರೆಷರ್ ಕುಕ್ಕರು ಕೂಗಿ ಸುಮ್ಮನಾಯಿತು.

“ಈಗs ಹೆಂಗ ಹೇಳ್ಲಿ? ದಿನಾ ಅಕೀನ್ನs ಕೇಳಿ ತಿಳ್ಕೋಬೇಕ್ರಿ.”

ಭಾವ ಅವನ ಕಡೆಗೆ ತಿರುಗಿದರು. ಕೈ ಹಿಂದಿನಿಂದ ಮುಂದಕ್ಕೆ ಬಂತು. “ಇಷ್ಟು ದಿನ ಆ ಯಂತ್ರಕ್ಕೆ ಗೊತ್ತಿಲ್ಲ ಅನ್ನು, ಗೊತ್ತಿಲ್ಲ ಅನ್ನು ಅಂತ ಬೇಡ್ಕೊಂಡಿದೀನಿ. ನೀನು ಬೇಡ್ಕೊಳ್ದೇನೇ ಅಂದ್ಯಲ್ಲಯ್ಯಾ! ಅದಕ್ ಮುಂಚೆ ಹೇಳಿದ್ದೆಲ್ಲ ಯಾರದು?”

ಹುಡುಗ ನನ್ನ ಕಡೆ ಬೆರಳು ತೋರಿಸಿಬಿಟ್ಟ!

“ನಂಗೆ ಆಗ್ಲೇ ಅನ್ನಿಸ್ತು. ಎಲ್ಲ ಪರದೆ ಬಟ್ಟೆ ಥರ ಇತ್ತು” ಎಂದು ಭಾವ ಜೋರಾಗಿ ನಕ್ಕರು. “ನಡಿ, ಉಪ್ಪಿಟ್ಟು ಆರಿಹೋಗತ್ತೆ.”

ಪುಟ್ಟಿಗೆ ಎರಡೂ ಸಿಕ್ಕಿದ್ದವು. ನನ್ನ ಚೌಕಾಸಿಯಿಂದಲ್ಲ, ನಾನು ಬೇಡವೆಂದ ಒಂದೇ ಮಾತಿನಿಂದ. ಇರಲಿ, ಯಾವ ಸಲಹೆಯೂ ನೂರಕ್ಕೆ ನೂರು ಗಿಟ್ಟುವುದಿಲ್ಲ.

ಮದುವೆಯಾಯಿತು. ಪುಟ್ಟಿ ಬಿಟಿಎಂ ಸೇರಿದಳು. ದೂರವೇನಿಲ್ಲ, ಆಟೋದವನು ಮನಸ್ಸು ಮಾಡಿದರೆ ಕಾಫಿ ಆರುವುದರೊಳಗೆ ತಲುಪಬಹುದು. ಮೊನ್ನೆ ಅಕ್ಕನಿಗೆ ಹೊಸ ಪರದೆ ಕೊಡಲು ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಮನೆ ನಿದ್ದೆಯಲ್ಲಿರುವಂತಿತ್ತು. ವರಾಂಡದ ನೆಲದ ಮೇಲೆ ಎಲೆಗಳ ನೆರಳು ಓಡಾಡುತ್ತಿತ್ತು. ಭಾವ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಏನೋ ಒತ್ತಿ, ಅದನ್ನೇ ನೋಡುತ್ತಿದ್ದರು. ಇಣುಕಿದೆ. ಪುಟ್ಟಿಗೆ ಕಳಿಸಿದ್ದು: ‘ಊಟ ಆಯ್ತಾ? ಆಧಾರ ಕೊಡು.’

ಸ್ವಲ್ಪ ಹೊತ್ತಿಗೆ ಆಧಾರ ಬಂತು. ಒಂದು ತಟ್ಟೆಯ ಫೋಟೋ. ಅರ್ಧ ಮುರಿದ ಜೋಳದ ರೊಟ್ಟಿ, ಎಣ್ಣೆಗಾಯಿ, ತಟ್ಟೆಯ ಅಂಚಿನಲ್ಲಿ ಪುಟ್ಟಿಯ ಬೆರಳು. ಭಾವ ಆ ಬೆರಳನ್ನು ದೊಡ್ಡದು ಮಾಡಿಕೊಂಡು ನೋಡಿದರು.

“ದಿನಾ ಇದೇ ಪ್ರಶ್ನೇನಾ ಭಾವ?”

“ಒಂದಕ್ಷರ ತಿದ್ದೋ ಹಾಗಿಲ್ಲ ಕಣಯ್ಯಾ.”

“ಯಾವ ಬ್ಲಾಕಲ್ಲಿಟ್ಟಿದೀರಿ ಇದನ್ನ?”

“ಎಲ್ಲೂ ಇಟ್ಟಿಲ್ಲ. ದಿನಾ ಬೇಕಾಗೋದನ್ನ ಯಾರಾದ್ರೂ ಎತ್ತಿಡ್ತಾರಾ? ಬಾಗಿಲಲ್ಲೇ ಬಿಟ್ಟಿರ್ತಾರೆ, ಚಪ್ಪಲಿ ಥರ.”

ಬಾಗಿಲ ಕಡೆ ನೋಡಿದೆ. ಪುಟ್ಟಿಯ ಹಳೆಯ ಹವಾಯಿ ಚಪ್ಪಲಿ ಅಲ್ಲೇ ಇತ್ತು, ಒಂದು ಆ ಕಡೆ, ಒಂದು ಈ ಕಡೆ, ಈಗ ತಾನೇ ಒಳಗೆ ಓಡಿದವರು ಬಿಟ್ಟ ಹಾಗೆ. ಹಿಮ್ಮಡಿ ಸವೆದಿತ್ತು. ಮೇಲೆ ಒಂದು ಕಣ ಧೂಳಿರಲಿಲ್ಲ.

ಹಳೆಯ ಸಾಮಾನು ಮನೆಯಲ್ಲಿಟ್ಟುಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುವವನು. ನಾಲಗೆಯ ತುದಿಗೂ ಬಂದಿತ್ತು. ಆದರೆ ಆ ಚಪ್ಪಲಿಗೆ ತಾಕದ ಹಾಗೆ ನನ್ನದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಒಳಗೆ ಹೋದೆ.