ಕುಂಡದ ಎಲೆ, ಹಿತ್ತಲ ಹೊಗೆ

ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದವರಿಗೆ ಬೀದಿಯವರು ಇಟ್ಟ ಹೆಸರು ಬಾಟಲಿ ಮಾವ. ಆ ದಿನ ಮಾವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ತೀರಿಕೊಂಡ ಹೆಂಡತಿ ನೆಗಡಿ, ಕೆಮ್ಮು ಬಂದವರಿಗೆಲ್ಲ ಕುಂಡದ ಗಿಡದ ಎಲೆ ಕುದಿಸಿ ಕೊಡುತ್ತಿದ್ದಳು. ಮಾವನಿಗೆ ಕುಡಿಯುವುದಷ್ಟೇ ಗೊತ್ತು. ಗಿಡದ ಹೆಸರು ಕೇಳಿದವರಲ್ಲ. ಆಕೆ ಹೋದ ದುಃಖದಿಂದ ಚೇತರಿಸಿಕೊಂಡ ಮೇಲೆ ದಿನವೂ ದೇವರಿಗೆ ದೀಪ ಹಚ್ಚಿ, ಕುಂಡಕ್ಕೆ ನೀರು ಹಾಕಿಯೇ ಕೆಲಸಕ್ಕೆ ಹೊರಡುವರು. ಪ್ರಯೋಗಾಲಯದ ಮೇಡಂ ಶ್ವಾಸಕೋಶದ ವೈರಸ್ಸಿನ ಮೇಲೆ ಮದ್ದಿನ ಗಿಡಗಳ ರಸ ಪರೀಕ್ಷಿಸುತ್ತಿದ್ದಾಗ ಹಿಡಿ ಎಲೆ ಮುಂದಿಟ್ಟು, "ನಮ್ಮಾಕೆ ಎಲೆ, ಇದನ್ನೂ ಒಂದು ಕೈ ನೋಡಿ" ಎಂದಿದ್ದರು. ಫಲಿತಾಂಶ ಹೇಳಲು ಮೇಡಂ ಇಂದು ಮನೆಗೇ ಬರುವವರಿದ್ದರು.

ಬಂದವರ ಕಣ್ಣಿಗೆ ಹಿತ್ತಲು ಕಾಡಿನಂತೆ ಕಾಣಬಾರದಲ್ಲ. ಬೆಳಿಗ್ಗೆಯೇ ಮಾವ ಟೊಂಕ ಕಟ್ಟಿ, ಚರಂಡಿಯ ಉದ್ದಕ್ಕೂ ಬೆಳೆದಿದ್ದ ಕಳೆಯನ್ನು ಬುಡಸಮೇತ ಕಿತ್ತು, ರಾಶಿ ಹಾಕಿ ಬೆಂಕಿ ಇಟ್ಟರು. ಹಸಿ ಕಳೆ ಉರಿಯಲಿಲ್ಲ. ಮುನಿಸಿಕೊಂಡ ಬೀಗರಂತೆ ಒಳಗೊಳಗೇ ಹೊಗೆಯಾಡಿತು.

ಪಕ್ಕದ ಮನೆಯ ದರ್ಜಿ ಕೆಮ್ಮುತ್ತ ಬಂದ. "ಏನ್ ಮಾವ, ಸೊಳ್ಳೆ ಓಡಿಸ್ತಿದೀರೋ, ನಮ್ಮನ್ನೋ?"

"ಸ್ವಲ್ಪ ತಡ್ಕೊಳಪ್ಪ. ಸಂಜೆ ಹೊತ್ತಿಗೆ ನಿನ್ನ ಕೆಮ್ಮಿಗೂ ನಮ್ಮನೇದೇ ಮದ್ದು."

ಎದುರು ಮನೆಯ ನಿವೃತ್ತ ಮೇಷ್ಟ್ರು, "ಬೆಳ್ಳುಳ್ಳಿ ಇರೋವಾಗ ಅದ್ಯಾವ ಎಲೆನೋ" ಎಂದು ಗೊಣಗಿ, ನಾಲ್ಕು ಸಲ ಸೀನಿ, ಕಿಟಕಿ ಮುಚ್ಚಿಕೊಂಡರು. ದರ್ಜಿಯ ಹೆಂಡತಿ ಮಾತ್ರ ರಾಶಿ ಕಂಡು ಬಿಳಚಿಕೊಂಡಳು.

"ಅಯ್ಯೋ ಮಾವ, ಎಲ್ಲಾನೂ ಕಿತ್ತುಬಿಟ್ರಾ?"

"ಒಂದು ಬೇರೂ ಬಿಟ್ಟಿಲ್ಲಮ್ಮ" ಎಂದರು ಮಾವ ಎದೆಯುಬ್ಬಿಸಿ.

ಮೇಡಂ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು: "ನಿಮ್ಮ ಎಲೆ ರಸ ಬಿದ್ದ ಪರೀಕ್ಷೆ ತಟ್ಟೇಲಿ ವೈರಸ್ ತಲೇನೇ ಎತ್ತಲಿಲ್ಲ. ಶುಂಠಿ, ಬೆಳ್ಳುಳ್ಳಿ ಎಲ್ಲ ಅದರ ಹಿಂದೆ."

ಮಾವ ಗೋಡೆಯ ಮೇಲಿನ ಹೆಂಡತಿಯ ಪಟದತ್ತ ತಿರುಗಿದರು. "ಕೇಳಿದೆಯೇನೇ?" ಎಂದರು.

"ತಟ್ಟೇಲಿ ಗೆದ್ದಿದ್ದು ಮನುಷ್ಯರಲ್ಲೂ ಗೆಲ್ಲುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ. ಮುಂದಿನ ಪರೀಕ್ಷೆಗೆ ಐದು ಕೆಜಿ ಹಸಿ ಎಲೆ ಬೇಕು. ನಾಳೆಯೊಳಗೆ ಸಿಗದಿದ್ರೆ ಪಟ್ಟಿಯಿಂದ ತೆಗೆದುಬಿಡ್ತಾರೆ."

ಕುಂಡದಲ್ಲಿ ಉಳಿದಿದ್ದದ್ದು ಎಂಟು ಎಲೆ.

ದರ್ಜಿಯ ಹೆಂಡತಿ ಮಾವನನ್ನು ಅಡುಗೆಮನೆಗೆ ಕರೆದಳು. "ಬೈಬೇಡಿ ಮಾವ. ಅತ್ತೆ ತೀರಿಕೊಂಡ ತಿಂಗಳು ನೀವು ಹಾಸಿಗೆ ಬಿಟ್ಟು ಎದ್ದಿರ್ಲಿಲ್ಲ. ಕುಂಡದ ಗಿಡ ಒಣಗೋಯ್ತು. ಅದನ್ನೂ ನೋಡಿ ಯಾಕೆ ಅಳಬೇಕು ಅಂತ, ಚರಂಡಿ ಪಕ್ಕದ ಕಳೆ ತಂದು ನೆಟ್ಟೆ."

"ಚರಂಡೀದು ಉಗುರಿನಷ್ಟು ಎಲೆ. ಇದು ಅಂಗೈ ಅಗಲ ಇದೆಯಲ್ಲಮ್ಮ?"

"ನೀವು ಹಾಕಿದ ನೀರು ಮಾವ."

"ಹಾಗಾದ್ರೆ ಆಕೆ ಗಿಡ ಯಾವುದು?"

"ದೇವರಿಗೇ ಗೊತ್ತು. ಇದಂತೂ ಹಿತ್ತಲಲ್ಲಿ ಐದಲ್ಲ, ಐವತ್ತು ಕೆಜಿ ಇತ್ತು. ಬೆಳಿಗ್ಗೆವರೆಗೂ."

ಮಾವ ಹೊರಗೆ ಬಂದರು. ಮೇಡಂ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, "ಅದೇನ್ರೀ ಅಷ್ಟು ಹೊಗೆ?" ಎಂದು ಕೇಳಿದರು.

ಮಾವ ಬೆನ್ನು ನೆಟ್ಟಗೆ ಮಾಡಿ ನಿಂತರು. "ಅದೇ ಎಲೆ ಮೇಡಂ. ನಮ್ಮಾಕೇದಲ್ಲ, ನಾನು ನೀರು ಹಾಕಿ ಸಾಕಿದ್ದು."

ವೈರಸ್ಸನ್ನು ಗೆದ್ದ ಮದ್ದಿನ ಹೊಗೆಗೆ ಇಡೀ ಬೀದಿ ಕೆಮ್ಮುತ್ತಿತ್ತು.